ಮಗನೇ ಕೂರಿಸಿದ ಮಂಡಿ

ಆಸ್ಪತ್ರೆ, ಮೂರನೇ ಮಹಡಿ
ಮಂಗಳವಾರ ಬೆಳಗ್ಗೆ

ಚಿರಂಜೀವಿ ಡಾಕ್ಟರ್ ಪುಟ್ಟನಿಗೆ,

ಅಮ್ಮನ ಆಶೀರ್ವಾದ. ಹೇಗಿದ್ದೀಯಪ್ಪಾ? ದಿನವಿಡೀ ಆಪರೇಷನ್ ಎಂದು ನಿಂತೇ ಇರುತ್ತೀಯ, ಬೆನ್ನುನೋವು ಕಡಿಮೆಯಾಯಿತೇ? ಸೊಸೆ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೋ, ಅವಳಿಗೂ ನಿನ್ನ ಚಟವೇ ಅಂಟಿತೋ? ನನ್ನ ಆರೋಗ್ಯ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನೀನು ಕೂರಿಸಿದ ಕೃತಕ ಮಂಡಿಯನ್ನು ಮೊನ್ನೆ ಇಲ್ಲಿ ತೆಗೆದು ಬೇರೆಯದನ್ನು ಹಾಕಿದರು. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಮತ್ತೆ ನಿನ್ನ ಮಾತನ್ನೇ ಕೇಳುತ್ತಿದ್ದೆ. ಫೋನಿನಲ್ಲಾದರೆ ನನ್ನ ಮಾತು ಮುಗಿಯಲು ಬಿಡುವವನಲ್ಲ, ಅದಕ್ಕೇ ಈ ಕಾಗದ.

ಇಲ್ಲಿ ರೋಬೋ ಇದೆ. ಕಣ್ಣು ಮಿಟುಕಿಸುವ ಗೊಂಬೆಯೊಂದು ಬಂದು ಕೊಯ್ಯುತ್ತದೆ ಎಂದು ಹೆದರಿದ್ದೆ. ಹಾಗಲ್ಲವಂತೆ. ಅದೊಂದು ದಪ್ಪ ತೋಳು, ಅದರ ತುದಿಗೆ ಗರಗಸ, ಹಿಡಿಯುವ ಕೈ ಡಾಕ್ಟರಮ್ಮನದೇ. ಮೊದಲೇ ಕಾಲನ್ನು ಸ್ಕ್ಯಾನ್ ಮಾಡಿ, ಎಲ್ಲಿಯವರೆಗೆ ಕೊಯ್ಯಬೇಕೆಂದು ಪರದೆಯ ಮೇಲೆ ಗೆರೆ ಹಾಕಿಕೊಳ್ಳುತ್ತಾರೆ. ಕೈ ಆ ಗೆರೆ ದಾಟಲು ಹೋದರೆ ತೋಳು ಬಿಡುವುದಿಲ್ಲ. "ಎಷ್ಟೇ ದೊಡ್ಡ ಡಾಕ್ಟರಾದ್ರೂ ಬಿಡಲ್ಲಮ್ಮ" ಎಂದು ಆಕೆ ನಕ್ಕರು. ನನಗೆ ನಗು ಬರಲಿಲ್ಲ. ನಿನ್ನನ್ನು ತಡೆಯುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲವಲ್ಲ.

ಹೆತ್ತವರಿಗೆ ತಾವೇ ಆಪರೇಷನ್ ಮಾಡಬಾರದೆಂದು ನಿಮ್ಮವರಲ್ಲಿ ಒಂದು ಪದ್ಧತಿ ಇದೆಯಂತೆ. ಜೊತೆಯ ಡಾಕ್ಟರುಗಳು ಹೇಳಿದರೂ ನೀನು ಕೇಳಲಿಲ್ಲ. "ನಮ್ಮಮ್ಮನ ಕಾಲು ಬೇರೆಯವ್ರು ಮುಟ್ಟೋದಾ?" ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನಾನೂ ಬೀಗಿದೆ. ಆಮೇಲೆ, ಮೆಟ್ಟಿಲು ಇಳಿಯುವಾಗ ಒಳಗೇನೋ ಕದಲುತ್ತದೆ ಎಂದು ಹೇಳಿದರೆ, ಎಕ್ಸ್‌ರೇಯನ್ನು ಸರಿಯಾಗಿ ಬೆಳಕಿಗೂ ಹಿಡಿಯದೆ, ನೆಂಟರೆಲ್ಲರ ಮುಂದೆ "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಾಟಕ ಸಾಕು, ವ್ಯಾಯಾಮ ಮಾಡಮ್ಮ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕು, ಒಳಗೆ ಹೋಗಿ ಅತ್ತೆ. ಮೊನ್ನೆ ನೀನು ಕೂರಿಸಿದ್ದ ಆ ಲೋಹದ ತುಂಡು ಸುತ್ತಿಗೆಯ ಏಟೂ ಬೇಕಿಲ್ಲದೆ, ಅಲುಗಾಡುವ ಹಲ್ಲಿನ ಹಾಗೆ ಕೈಗೆ ಬಂತಂತೆ. ಓರೆಯಾಗಿ ಕೂತಿತ್ತಂತೆ. ತಾಯಿಯ ಮಂಡಿ ಬಿಚ್ಚಿದಾಗ ನಿನ್ನ ಕೈ ನಡುಗಿರಬೇಕು. ಅಷ್ಟು ಹೇಳಿದ್ದರೆ ಸಾಕಿತ್ತು, ಕುಂಟಿಕೊಂಡೇ ಬಂದು ನಿನ್ನನ್ನು ತಬ್ಬಿಕೊಳ್ಳುತ್ತಿದ್ದೆ. ಕೈ ತಪ್ಪಿದ್ದಕ್ಕೆ ಸಿಟ್ಟಿಲ್ಲ ಮಗನೇ. ನನ್ನ ನೋವನ್ನೇ ಸುಳ್ಳು ಮಾಡಿದೆಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ನರ್ಸ್ ವಾಕರ್ ತಂದು ನಿಂತಿದ್ದಾಳೆ, ನಡೆಸಬೇಕಂತೆ. ಸೊಸೆಗೆ ನನ್ನ ನೆನಪು ಹೇಳು. ನೀನು ಚೆನ್ನಾಗಿರು. ಎಷ್ಟು ಉರಿದರೂ ಬೇರೆ ಮಾತು ಬಾಯಿಗೆ ಬರುವುದಿಲ್ಲ.

ಇಂತಿ,
ಅಮ್ಮ

ಮರೆತೆ: ನಿನ್ನ ಚಿಕ್ಕಮ್ಮ ಮುಂದಿನ ವಾರ ನಿನ್ನ ಕೈಯಲ್ಲೇ ಮಂಡಿ ಮಾಡಿಸಿಕೊಳ್ಳಲು ಬಟ್ಟೆಬರೆ ಕಟ್ಟಿಕೊಂಡು ಕೂತಿದ್ದಾಳೆ. ಅಂದು ನಕ್ಕವರಲ್ಲಿ ಅವಳೂ ಒಬ್ಬಳು. ನನ್ನದು ನಾಟಕವೆಂದೇ ಇನ್ನೂ ನಂಬಿದ್ದಾಳೆ. ಇದನ್ನು ಓದಿದ ಕೂಡಲೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಅವಳಿಗೆ ಹೇಳು. ಆಮೇಲೂ ನಿನ್ನ ಹತ್ತಿರವೇ ಬಂದರೆ ಅವಳಿಷ್ಟ. ಭಾನುವಾರದವರೆಗೆ ಕಾಯುತ್ತೇನೆ. ಸೋಮವಾರ ನಾನೇ ಹೇಳುತ್ತೇನೆ, ಆಗ ಮಗನೆಂದು ನೋಡುವುದಿಲ್ಲ.