ಯತೀಶನ ಕಾರು ಇನ್ನು ನಿನ್ನ ಹೆಸರಿನಲ್ಲಿಲ್ಲ

ಹಂಪಾಪುರ
ಆಗಸ್ಟ್ ೨೦, ೨೦೨೫

ಪ್ರೀತಿಯ ಸೊಸೆ ಅನುಶ್ರೀಗೆ,

ಹೇಗಿದ್ದೀಯಮ್ಮ? ನಿನ್ನ ಯಜಮಾನರು ಸುನೀಲ್ಕುಮಾರರು ಚೆನ್ನಾಗಿದ್ದಾರೆಯೇ? ಪಿರಿಯಾಪಟ್ಟಣದಲ್ಲಿ ಈಗ ಶೀತಗಾಳಿ, ಕಿವಿಗೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಅಂಗನವಾಡಿ ಕೆಲಸ ಬಿಟ್ಟ ಮೇಲೆ ಬೆಳಗಿನ ಹೊತ್ತು ಕಳೆಯುವುದೇ ಕಷ್ಟ. ಒಬ್ಬಳಿಗೋಸ್ಕರ ಮುದ್ದೆ ತಿರುವಲು ಬೇಸರವಾಗಿ ಎಷ್ಟೋ ಸಲ ಅವಲಕ್ಕಿಯಲ್ಲೇ ಊಟ ಮುಗಿಸುತ್ತೇನೆ.

ನೀನು ಹೆದರಿದ್ದ ವಿಷಯಕ್ಕೆ ಬರುತ್ತೇನೆ. ನನ್ನ ಮಗ ಯತೀಶ ತೀರಿಕೊಂಡ ಮೇಲೆ ಅವನ ಕಾರನ್ನು ನಿನ್ನ ಹೆಸರಿಗೆ ಮಾಡಿಸಿದ್ದೆವಲ್ಲ. ನೀನು ಮರುಮದುವೆಯಾಗಿ ಹೋದ ಮೇಲೆ ಅದು ಹಿತ್ತಲಲ್ಲಿ ತುಕ್ಕು ಹಿಡಿಯಿತು. ನಿನ್ನನ್ನು ಕೇಳಿಯೇ ಗುಜರಿಗೆ ಕೊಟ್ಟೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೈಸೂರಿನಲ್ಲಿ ಅದೇ ನಂಬರಿನ ಕಾರು ಯಾರಿಗೋ ಗುದ್ದಿ ಓಡಿಹೋಗಿದೆ, ಪೊಲೀಸರು ಮನೆಗೇ ಬಂದಿದ್ದರು ಎಂದು ನೀನು ಫೋನಿನಲ್ಲಿ ಅತ್ತಾಗ ನನಗೆ ಬಂದದ್ದು ಒಂದೇ ಯೋಚನೆ: ಹೋದ ಗಂಡನ ಕಾರಿಗಾಗಿ ಹೊಸ ಮನೆಯಲ್ಲಿ ನೀನು ತಲೆತಗ್ಗಿಸಬೇಕೆ?

ಮಾರನೆಯ ದಿನವೇ ಗುಜರಿಯ ನಂಜಯ್ಯನ ಬಳಿ ಹೋದೆ. "ನಂಬರ್ ಪ್ಲೇಟ್ ಯಾರ್ ಎತ್ಕಂಡೋದ್ರೋ ಕಾಣೆ ಕಣವ್ವ" ಎಂದ. ಪುಣ್ಯಕ್ಕೆ ಕಾರಿನ ಮೈಮೇಲೇ ಕೊರೆದಿರುವ ಚಾಸಿ ನಂಬರಿದ್ದ ತಗಡಿನ ತುಂಡು ಅಲ್ಲೇ ಬಿದ್ದಿತ್ತು. ಅದನ್ನೂ ನೀನು ಸಹಿ ಹಾಕಿ ಕಳಿಸಿದ ಅರ್ಜಿಯನ್ನೂ ಹಿಡಿದು ಮೊದಲು ಠಾಣೆಗೆ, ಆಮೇಲೆ ಹುಣಸೂರಿನ ಆರ್‌ಟಿಓ ಕಚೇರಿಗೆ ಹೋದೆ. ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, "ಗಾಡಿ ಪುಡಿಯಾದ್ರೂ ಇಲ್ಲಿನ್ನೂ ಬದ್ಕೈತೆ ಕಣಮ್ಮ. ರದ್ದಿಗೆ ಆಕ್ಲಾ?" ಎಂದಳು. ಅನು, ಕೈಯಲ್ಲಿದ್ದ ತಗಡನ್ನು ಒಮ್ಮೆ ಸವರಿದೆ. ಆಮೇಲೆ ಹೂಂ ಎಂದೆ.

ನಿನ್ನೆ ರದ್ದಾಗಿದೆ. ಫೋನಿನಲ್ಲಿ ನಂಬರು ಹಾಕಿ ನಾನೇ ನೋಡಿದೆ. ನಿನ್ನ ಕಾರು ಅದಲ್ಲವೆಂದು ಪೊಲೀಸರೂ ಒಪ್ಪಿದರು, ಇನ್ನು ನಿನ್ನನ್ನು ಕರೆಯುವುದಿಲ್ಲ. ಆದೇಶದ ಪ್ರತಿ ಇದರೊಳಗಿದೆ, ನಿಮ್ಮ ಮನೆಯವರಿಗೆ ತೋರಿಸು. ಹುಣಸೂರಿನಿಂದ ಬರುವಾಗ ಬಸ್ಸಿನ ಪಕ್ಕದಲ್ಲಿ ಅಂಥದ್ದೇ ಬಿಳಿ ಕಾರೊಂದು ಸ್ವಲ್ಪ ದೂರ ಬಂತು. ಒಳಗಿರುವವನ ಮುಖ ಕಾಣುತ್ತದೇನೋ ಎಂದು ಕಿಟಕಿಯಿಂದ ಬಗ್ಗಿ ನೋಡಿದೆ. ಅಕ್ಕಪಕ್ಕದವರಿಗೆ ಹೇಳಿಕೊಳ್ಳುವ ಮಾತಲ್ಲ, ನಿನಗೆ ಬರೆದೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಸುನೀಲ್ಕುಮಾರರಿಗೂ ಹಿರಿಯರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಅತ್ತೆ,
ಪ್ರೇಮಮ್ಮ

ಮರೆತಿದ್ದೆ: ನೀನು ಬಸುರಿಯಂತೆ, ನಿನ್ನ ಗೆಳತಿ ರಮ್ಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದಳು. ನನಗೆ ಸಂಕಟವಾದೀತೆಂದು ನೀನು ಹೇಳಿಲ್ಲ. ಹಾಗೇನಿಲ್ಲ ಬುಡು. ನಿನಗೆ ತಾಯಿ ಇಲ್ಲ. ಬಾಣಂತನಕ್ಕೆ ನಾನು ಬರಬಹುದೇ ಎಂದು ನಿಮ್ಮ ಮನೆಯವರನ್ನು ಕೇಳಿ ನೋಡು. ಯಾರಿವರು ಎಂದು ಯಾರಾದರೂ ಕೇಳಿದರೆ, ಮಗುವಿಗೆ ನೀರೆರೆಯಲು ಬಂದವರು ಎಂದರೂ ಸಾಕು.