ಚಪ್ಪಾಳೆ ಬಿಟ್ಟ ಆಟ

ಸಂತೇಬೆನ್ನೂರು
17-8-2025, ಭಾನುವಾರ

ಪ್ರೀತಿಯ ಪುಷ್ಪಾ,

ಹೇಗಿದ್ದೀಯ? ಜಗಳೂರಿನ ಗಾಳಿ, ನಿನ್ನ ಐದನೇ ತರಗತಿಯ ಗಲಾಟೆ, ಎರಡನ್ನೂ ತಡೆದುಕೊಂಡು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಸಂಯೋಜಿತ ವಾಕ್ಯ ಕಲಿಸಲು ಒಂದು ಆಟ ಹೇಳು ಎಂದು ನೀನು ಕೇಳಿ ತಿಂಗಳಾಯಿತು. ಬೈದುಕೊಂಡಿರುತ್ತೀಯ. ಈಚೆಗೆ ನನಗೆ ನಿದ್ದೆಯೇ ಇಲ್ಲ. ಮೂರು ವರ್ಷ ತುಂಬಿದರೂ ನಮ್ಮ ಮಸರತ್ ಒಂದು ಮಾತೂ ಆಡಿಲ್ಲ ಕಣೇ.

ಅತ್ತೆಗೆ ಆ ಚಿಂತೆ ಇಲ್ಲ. "ರಸೂಲ್ ಸೈತ ನಾಕು ವರ್ಷಕ್ಕೇ ಬಾಯಿ ಬಿಟ್ಟಿದ್ದು. ಈಗ ನೋಡು, ಅಂಗಡಿಗೆ ಬಂದೋರ ಅಳತೆ ತಗಳೋದು ಬಿಟ್ಟು ಬರೀ ಮಾತೇ" ಎಂದು ನಮ್ಮ ಯಜಮಾನರನ್ನು ಹಂಗಿಸುತ್ತಾರೆ. ಗಿಳಿ ಕಚ್ಚಿದ ಹಣ್ಣು ತಿಂದರೆ ಮಕ್ಕಳಿಗೆ ಮಾತು ಬರುತ್ತದಂತೆ. ದಿನಾ ಬೆಳಿಗ್ಗೆ ಪಕ್ಕದ ಮನೆಯ ಪೇರಲ ಮರದ ಕೆಳಗೆ ಹುಡುಕಿ, ಕೊಕ್ಕಿನ ಗುರುತು ಇರುವುದನ್ನೇ ಆರಿಸಿ ತರುತ್ತಾರೆ. ಬಿ.ಎಡ್. ಓದಿದ ನಾನೇ ಅದನ್ನು ತೊಳೆದು ಮಗಳಿಗೆ ಕೊಡುತ್ತೇನೆ.

ಇರಲಿ, ಆಟ ಹೇಳುತ್ತೇನೆ. ಇಬ್ಬರು ಮಕ್ಕಳು ಒಂದೊಂದು ಸಣ್ಣ ವಾಕ್ಯ ಹೇಳಬೇಕು. ಮೂರನೆಯವರು ಬೆನ್ನು ಮಾಡಿ ನಿಂತಿರಬೇಕು. ತರಗತಿಯವರೆಲ್ಲ ಚಪ್ಪಾಳೆ ಹೊಡೆದೊಡನೆ ತಿರುಗಿ, ಇಬ್ಬರ ಕೈ ಹಿಡಿದು, 'ಆದರೆ', 'ಆದ್ದರಿಂದ', 'ಮತ್ತು' ಇವುಗಳಲ್ಲಿ ಸರಿಯಾದದ್ದನ್ನು ಹಾಕಿ ಎರಡನ್ನೂ ಸೇರಿಸಿ ಹೇಳಬೇಕು. ಮೊದಲ ದಿನ ಬೊಮ್ಮಕ್ಕ (ಅಜ್ಜಿಯ ಹೆಸರು, ಹುಡುಗಿಗೆ ಹತ್ತು ವರ್ಷ) "ನಮ್ಮವ್ವ ಹೋಳಿಗೆ ಮಾಡಿದಳು" ಎಂದಳು. ಓಂಕಾರ್ "ನಾನು ಓಡಿ ಬಂದೆ" ಎಂದ. ನಡುವಿನ ಮಾರುತೇಶ್ 'ಆದ್ದರಿಂದ' ಹಾಕಿದ. ಬೊಮ್ಮಕ್ಕ ಕೈ ಕೊಸರಿಕೊಂಡು, "ಟೀಚರ್, ಹೋಳಿಗೆ ಮಾಡದಿದ್ರೂ ಬರ್ತಾನೆ ಇವ್ನು" ಎಂದಳು. ನಗು ನಿಲ್ಲಲು ಗಂಟೆ ಹೊಡೆಯಬೇಕಾಯಿತು.

ಒಂದು ಬದಲಾವಣೆ ಮಾತ್ರ ಮರೆಯಬೇಡ. ಬೆನ್ನು ಮಾಡಿ ನಿಲ್ಲಿಸಬೇಡ, ಚಪ್ಪಾಳೆಯೂ ಬೇಡ. ಮಕ್ಕಳು ಎದುರಿಗೇ ನಿಲ್ಲಲಿ, ನೀನು ಕೆಂಪು ಬಟ್ಟೆ ಬೀಸು. ನಾವೀಗ ಹಾಗೇ ಆಡುತ್ತಿದ್ದೇವೆ.

ನಿಮ್ಮ ಯಜಮಾನರು ತಿಪ್ಪೇರುದ್ರಸ್ವಾಮಿ ಅಣ್ಣನವರಿಗೆ ನನ್ನ ಸಲಾಂ ಹೇಳು. ನಿನ್ನ ಮಗನಿಗೆ ಮುತ್ತು. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ
ನುಜಹತ್

ವಿ.ಸೂ.: ಚಪ್ಪಾಳೆ ಯಾಕೆ ಬಿಟ್ಟೆವೆಂದು ಬರೆಯದೆ ಲಕೋಟೆ ಅಂಟಿಸಲು ಆಗಲಿಲ್ಲ. ಬುಧವಾರ ಅತ್ತೆ ಬಸವಾಪಟ್ಟಣಕ್ಕೆ ಹೋಗಿದ್ದರಿಂದ ಮಸರತ್‌ಳನ್ನು ಶಾಲೆಗೆ ಕರೆದೊಯ್ದಿದ್ದೆ. ದೊಡ್ಡವರನ್ನು ನೋಡಿ ತಾನೂ ಹೋಗಿ ಬೆನ್ನು ಮಾಡಿ ನಿಂತಳು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ತಿರುಗಲಿಲ್ಲ. ಇನ್ನೂ ಜೋರಾಗಿ ಹೊಡೆದರು. ಕಿಟಕಿಯಲ್ಲಿದ್ದ ಪಾರಿವಾಳ ಹಾರಿಹೋಯಿತು. ಅವಳು ಫ್ರಾಕಿನ ಗುಂಡಿ ತಿರುವುತ್ತಾ ನಿಂತೇ ಇದ್ದಳು. "ಟೀಚರ್, ಪಾಪುಗೆ ಕಿವಿ ಕೇಳಲ್ಲೇನ್ರಿ?" ಎಂದ ಓಂಕಾರ್. ಕೂತ್ಕೋ ಎಂದೆ. ಎದುರಿಗೆ ಬಂದವರನ್ನೆಲ್ಲ ನೋಡಿ ನಗುತ್ತಾಳೆ, ಕೈ ಚಾಚುತ್ತಾಳೆ. ನಮಗೆ ತಿಳಿಯಲೇ ಇಲ್ಲ. ಮಾರನೇ ದಿನ ಬೊಮ್ಮಕ್ಕ ಮನೆಯಿಂದ ಕೆಂಪು ರವಿಕೆ ಬಟ್ಟೆ ತಂದು, "ಇದನ್ನ ಬೀಸಾಣ ಟೀಚರ್, ಪಾಪು ಬಂದ್ರೂ ಆಡಾಕೆ ಬರ್ತೈತೆ" ಎಂದಳು.

ಬರುವ ಶನಿವಾರ ಮಧ್ಯಾಹ್ನ ದಾವಣಗೆರೆಯಲ್ಲಿ ಕಿವಿ ಪರೀಕ್ಷೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಇವತ್ತೂ ಅತ್ತೆ ಹಣ್ಣು ತಂದು, "ನೋಡು, ಇದನ್ನ ಎರಡು ಕಡೆ ಕಚ್ಚೈತೆ" ಎಂದು ತೋರಿಸಿದರು. ಹೇಗೆ ಹೇಳಲಿ? ನೀನು ಅವತ್ತು ದಾವಣಗೆರೆ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತೀಯಾ?

ಇವತ್ತು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೆಸರು ಕೂಗದೆ, ಆ ಕೆಂಪು ಬಟ್ಟೆ ಬೀಸಿದೆ. ಮಸರತ್ ಅಂಗಳದಿಂದ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.