ಎರಡು ಲೀಟರ್ ನೀರು

ಮಂಗಳವಾರ, ಹದಿನಾಲ್ಕು.

ರಕ್ತ ಪರೀಕ್ಷೆಯ ವರದಿ ಬಂತು. ರಕ್ತದ ಗಟ್ಟಿತನ ತೋರಿಸುವ ಹೆಮಟೋಕ್ರಿಟ್ ಐವತ್ಮೂರು. ಪಾಸಾದೆ.

"ರಕ್ತ ಗಟ್ಟಿ ಆಗ್ತಿದೆ. ಐವತ್ನಾಲ್ಕು ದಾಟಿದ್ರೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ನಿಲ್ಲಿಸಿಬಿಡ್ತೀನಿ," ಎಂದು ಡಾಕ್ಟರು ಹೋದ ಸಲವೇ ಗದರಿಸಿದ್ದರು. ಇಂಜೆಕ್ಷನ್ನಿಗೆ ಮುಂಚೆ ನನ್ನನ್ನು ಸೋಫಾಕ್ಕೆ ಅಂಟಿಸಿದ್ದ ಆ ಹಳೆಯ ಸುಸ್ತಿಗೆ ನಾನು ಮರಳಲಾರೆ. ಅದಕ್ಕೇ ಬೆಳಿಗ್ಗೆ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಎರಡು ಲೀಟರ್ ನೀರು ಕುಡಿದೆ, ಪರೀಕ್ಷೆಯ ಮಟ್ಟಿಗಾದರೂ ರಕ್ತ ತೆಳುವಾಗಲಿ ಎಂದು.

"ನೋಡಿ, ಸುಮ್ನೆ ಹೆದರ್ಕೊಂಡಿದ್ರಿ," ಎನ್ನುತ್ತ ನನ್ನವಳು ವರದಿಯನ್ನು ಫ್ರಿಜ್ಜಿಗೆ ಅಂಟಿಸಿದಳು. "ಮುಖ ಯಾಕ್ರೀ ಇಷ್ಟು ಕೆಂಪಗಿದೆ?"

"ಬಿಸಿಲು," ಎಂದೆ. ಕತ್ತಲಾಗಿ ಗಂಟೆಯಾಗಿತ್ತು.

ಈಗ ತಲೆ ಸಿಡಿಯುತ್ತಿದೆ. ಎಡಗೈ ಜೋಮು ಹಿಡಿದು ಅರ್ಧ ಗಂಟೆಯಾದರೂ ಬಿಟ್ಟಿಲ್ಲ. ಅವಳನ್ನು ಎಬ್ಬಿಸಬೇಕು. ಎಬ್ಬಿಸಿದರೆ ಮೊದಲು ನೀರಿನ ವಿಷಯ ಹೇಳಬೇಕು.

ಇನ್ನು ಐದು ನಿಮಿಷ ನೋಡಿ ಎಬ್ಬಿಸ—